ಹುಲ್ಲುಗಾವಲಿಗೆ ಬೆಂಕಿ: ಯಾವಾಗ, ಎಷ್ಟು, ಯಾರಿಂದ?

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯಲ್ಲಿ ಕಾಫಿ ತೋಟ, ಗದ್ದೆ, ಗೋಮಾಳ ಮತ್ತು ಕಾಡು ಒಂದಕ್ಕೊಂದು ತಾಗಿಕೊಂಡಿವೆ. ಚಳಿ ಕಳೆಯುತ್ತಿದ್ದಂತೆ ಗೋಮಾಳದ ಹುಲ್ಲು ಒಣಗಿ ಕರಡವಾಗುತ್ತದೆ. ಕರಡವನ್ನು ಸುಟ್ಟರೆ ದನಗಳಿಗೆ ಹೊಸ ಚಿಗುರು ಸಿಗುವುದೆಂದು ಬೆಂಕಿ ಇಡುವ ರೂಢಿ ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಬಹಳ ಹಿಂದಿನಿಂದ ಇದೆ. ಚಿಗುರು ಬರುವುದು ನಿಜ. ಆದರೆ ಹೊತ್ತು ಗೊತ್ತಿಲ್ಲದೆ, ಪ್ರತಿ ವರ್ಷವೂ ಅದೇ ಜಾಗಕ್ಕೆ ಇಡುವ ಬೆಂಕಿ ಹುಲ್ಲುಗಾವಲನ್ನೂ ಪಕ್ಕದ ಕಾಡನ್ನೂ ಕೆಡಿಸುತ್ತದೆ. ಹುಲ್ಲುಗಾವಲು ಮತ್ತು ವನ್ಯಪ್ರಾಣಿಗಳ ನೆಲೆಯನ್ನು ಕಾಪಾಡಲು ಯೋಜನೆಯಂತೆ ಇಡುವ 'ನಿಯಂತ್ರಿತ ಬೆಂಕಿ'ಗೂ ಈ ರೂಢಿಗೂ ಇರುವ ವ್ಯತ್ಯಾಸವನ್ನು ರೈತರು ತಿಳಿಯುವುದು ಅವಶ್ಯಕ.

ಬೆಂಕಿಯಿಂದ ಆಗುವುದೇನು?

ಬಹುವಾರ್ಷಿಕ ಹುಲ್ಲಿನ ಮೊಗ್ಗುಗಳು ನೆಲಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ, ಬುಡದಲ್ಲಿ ಇರುತ್ತವೆ. ಬೇಗ ಸರಿದುಹೋಗುವ ಬೆಂಕಿಯ ಕಾವು ಮಣ್ಣಿನೊಳಗೆ ಹೆಚ್ಚು ಇಳಿಯುವುದಿಲ್ಲ. ಆದುದರಿಂದ ಮೇಲಿನ ಕರಡ ಉರಿದರೂ ಬುಡ ಉಳಿದು ಮತ್ತೆ ಚಿಗುರುತ್ತದೆ. ಈ ಎಳೆಯ ಚಿಗುರಿನಲ್ಲಿ ಸಸಾರಜನಕ ಹೆಚ್ಚು, ನಾರು ಕಡಿಮೆ. ಜಿಂಕೆ, ಕಾಟಿ, ಕೃಷ್ಣಮೃಗಗಳು ಇದನ್ನು ಹುಡುಕಿಕೊಂಡು ಬರುತ್ತವೆ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಬೆಂಕಿಯಲ್ಲಿ ಸಾರಜನಕ ಮತ್ತು ಗಂಧಕದ ಬಹುಪಾಲು ಗಾಳಿಗೆ ಸೇರುತ್ತದೆ. ಬೂದಿಯಲ್ಲಿ ಉಳಿಯುವ ಪೊಟ್ಯಾಷ್, ರಂಜಕ ಮತ್ತು ಸುಣ್ಣದ ಅಂಶಗಳು ಇಳಿಜಾರಿನಲ್ಲಿ ಮೊದಲ ಜೋರು ಮಳೆಗೆ ಕೊಚ್ಚಿಹೋಗುತ್ತವೆ. ವರ್ಷವರ್ಷವೂ ಸುಟ್ಟರೆ ಮಣ್ಣು ಬಡವಾಗಿ, ಒಳ್ಳೆಯ ಮೇವಿನ ಹುಲ್ಲು ಕ್ಷೀಣಿಸಿ, ದನ ತಿನ್ನದ ಒರಟು ಹುಲ್ಲು ಉಳಿಯುತ್ತದೆ.

ಹೊತ್ತೇ ಮುಖ್ಯ

ಡಿಸೆಂಬರ್-ಜನವರಿಯಲ್ಲಿ ಮಣ್ಣಿನಲ್ಲಿ ತೇವ ಇರುತ್ತದೆ, ಬೆಳಗಿನ ಹೊತ್ತು ಇಬ್ಬನಿ ಬೀಳುತ್ತದೆ. ಆಗಿನ ಬೆಂಕಿ ತಗ್ಗಾಗಿ, ಬಿಟ್ಟುಬಿಟ್ಟು ಉರಿಯುತ್ತದೆ. ಮರಗಳಿಗೆ ಅಪಾಯ ಕಡಿಮೆ. ಮಾರ್ಚ್-ಏಪ್ರಿಲ್‌ನಲ್ಲಿ, ಹೂಮಳೆ ಬೀಳುವ ಮುನ್ನ, ಎಲ್ಲವೂ ಒಣಗಿ ಗಾಳಿ ಜೋರಾಗಿರುತ್ತದೆ. ಆಗ ಹತ್ತಿದ ಬೆಂಕಿ ಮರದ ಸಸಿಗಳನ್ನೂ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳನ್ನೂ ಸುಟ್ಟು, ತೋಟದ ಬೇಲಿ ದಾಟಿ ಕಾಫಿ ಗಿಡಕ್ಕೂ ತಗಲುತ್ತದೆ. ಒಣ ಕಾಲದ ಬೆಂಕಿ ಕೈಮೀರಿದರೆ ಏನಾಗುವುದೆಂಬುದಕ್ಕೆ 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದೇ ಸಾಕ್ಷಿ.

ಸೋಲಿಗರ ತರಗು ಬೆಂಕಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿಯೇ, ತರಗೆಲೆ ಹೆಚ್ಚು ಶೇಖರವಾಗುವ ಮೊದಲು, ಸಣ್ಣ ಬೆಂಕಿ ಇಡುತ್ತಿದ್ದರು. ಇದಕ್ಕೆ 'ತರಗು ಬೆಂಕಿ' ಎಂದು ಹೆಸರು. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಬೆಂಕಿ ಇಡುವುದಕ್ಕೆ ತಡೆ ಬಿತ್ತು. ಆ ಬಳಿಕ ಲಂಟಾನ ಹಬ್ಬಿ ಹುಲ್ಲು ಮರೆಯಾಯಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತಾರೆ.

ವಿಜ್ಞಾನಿಗಳಲ್ಲಿ ಈ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ಲಂಟಾನ ಮತ್ತು ಬೆಂಕಿ ಒಂದನ್ನೊಂದು ಬೆಳೆಸುತ್ತವೆಯೆಂಬ ವಾದವನ್ನು ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ಮುಂದಿಟ್ಟರು. ಲಂಟಾನದ ಒಣ ಕಡ್ಡಿ ಬೆಂಕಿಯನ್ನು ಜೋರು ಮಾಡುತ್ತದೆ. ಬೆಂಕಿ ಆರಿದ ಮೇಲೆ ಬುಡದಿಂದ ಲಂಟಾನವೇ ಮೊದಲು ಚಿಗುರುತ್ತದೆ. ಇವೆರಡರಿಂದ ರೈತರು ತಿಳಿಯಬೇಕಾದ ಅಂಶ ಇಷ್ಟು: ಹುಲ್ಲು ಇರುವಲ್ಲಿ ಹಗುರ ಬೆಂಕಿ ಹುಲ್ಲನ್ನು ಉಳಿಸಬಹುದು, ಲಂಟಾನ ಅಥವಾ ಕಮ್ಯುನಿಸ್ಟ್ ಗಿಡ ದಟ್ಟವಾಗಿ ಹಬ್ಬಿದಲ್ಲಿ ಬೆಂಕಿ ಪರಿಹಾರವಾಗದು. ಅಲ್ಲಿ ಲಂಟಾನದ ಬುಡವನ್ನು ನೆಲಮಟ್ಟದಿಂದ ಸ್ವಲ್ಪ ಕೆಳಗೆ ಕತ್ತರಿಸಿ ತೆಗೆದು, ಗಿಡವನ್ನು ಬೇರು ಮೇಲಾಗಿ ಮಗುಚಿ ಒಣಗಿಸಬೇಕು.

ನಿಯಂತ್ರಿತ ಬೆಂಕಿಯ ಕ್ರಮ

ನೆರೆಯ ಕೇರಳದ ಇರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಕಾಡು ಮೇಕೆಯಾದ ನೀಲಗಿರಿ ತಾರ್‌ಗಾಗಿ ಬೆಟ್ಟದ ಹುಲ್ಲನ್ನು ಭಾಗ ಭಾಗವಾಗಿ, ಸರದಿಯಂತೆ ಸುಡುವ ಪದ್ಧತಿ ಇದೆ. ಇಂತಹ ಬೆಂಕಿಯ ಮುಖ್ಯ ನಿಯಮಗಳು ಇವು:

1. ಇಡೀ ಹುಲ್ಲುಗಾವಲನ್ನು ಒಮ್ಮೆಗೇ ಸುಡಬಾರದು. ಹೆಚ್ಚಿನ ಭಾಗ ಸುಡದೆ ಉಳಿದರೆ ಪ್ರಾಣಿ-ಪಕ್ಷಿಗಳಿಗೆ ಮರೆಯೂ ಮೇವೂ ದೊರೆಯುತ್ತವೆ.

2. ಒಮ್ಮೆ ಸುಟ್ಟ ಭಾಗಕ್ಕೆ ಕೆಲವು ವರ್ಷ ಬಿಡುವು ಕೊಡಬೇಕು. ಚಿಗುರು ಬಂದ ಕೂಡಲೇ ದನ ನುಗ್ಗಿಸಿದರೆ ಹುಲ್ಲಿನ ಬುಡ ಸಾಯುತ್ತದೆ.

3. ಸುತ್ತಲೂ ಹುಲ್ಲು ಕೆತ್ತಿ, ಹುಲ್ಲಿನ ಎತ್ತರಕ್ಕಿಂತ ಹಲವು ಪಟ್ಟು ಅಗಲದ ಬೆಂಕಿ ರೇಖೆಯನ್ನು ಮೊದಲೇ ತೆಗೆದಿರಬೇಕು.

4. ಗಾಳಿ ಮೆಲುವಾಗಿರುವಾಗ, ಗಾಳಿಗೆ ಎದುರಾಗಿ ಬೆಂಕಿ ಸಾಗುವಂತೆ ಹಚ್ಚಬೇಕು. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಸಾಗಿಸಬೇಕು. ಕೆಳಗಿನಿಂದ ಹಚ್ಚಿದ ಬೆಂಕಿ ವೇಗವಾಗಿ ಮೇಲೇರುತ್ತದೆ.

5. ಸಾಕಷ್ಟು ಜನ, ನೀರು ಮತ್ತು ಹಸಿ ಸೊಪ್ಪು ಸಿದ್ಧವಿರಬೇಕು. ಕೊನೆಯ ಕೊಳ್ಳಿ ಆರುವವರೆಗೆ ಯಾರೂ ಜಾಗ ಬಿಡಬಾರದು.

ರೈತರು ಮಾಡಬೇಕಾದ್ದು

ಈ ಕೆಲಸ ಖಾಸಗಿಯವರು ತಾವಾಗಿ ಮಾಡುವಂತಹದಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯಕ್ಕೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಕಲಮಿನಂತೆ ವನ್ಯಜೀವಿಧಾಮಕ್ಕೂ ಬೆಂಕಿ ಇಡುವುದು ಅಪರಾಧ. ಗೋಮಾಳವೂ ಸರ್ಕಾರಿ ಜಮೀನು. ಗ್ರಾಮ ಅರಣ್ಯ ಸಮಿತಿಯ ಮೂಲಕ ವಲಯ ಅರಣ್ಯಾಧಿಕಾರಿಗಳೊಡನೆ ಮಾತನಾಡಿ, ಡಿಸೆಂಬರ್ ಮುಗಿಯುವುದರೊಳಗೆ ಬೆಂಕಿ ರೇಖೆ ತೆಗೆಸುವುದು ಊರಿನವರಿಂದ ಆಗುವ ಕೆಲಸ.

ಹುಲ್ಲನ್ನು ಸುಡುವ ಬದಲು, ಹೂ ಬರುವ ಹೊತ್ತಿಗೆ ಕೊಯ್ದು ನೆರಳಿನಲ್ಲಿ ಒಣಗಿಸಿ ಬಣವೆ ಹಾಕಿದರೆ ಬೇಸಿಗೆಯ ಮೇವಾಗುತ್ತದೆ. ಬೆಂಕಿಗೆ ಉರುವಲೂ ತಪ್ಪುತ್ತದೆ. ಕಾಫಿ ತೋಟದ ತರಗನ್ನು ಮಾತ್ರ ಎಂದಿಗೂ ಸುಡಬಾರದು. ಅದು ತೇವ ಹಿಡಿಯುವ ಹೊದಿಕೆ, ಕೊಳೆತರೆ ಗೊಬ್ಬರ. ತೋಟದ ಅಂಚಿನಲ್ಲಿ, ಕಾಡಿನ ಕಡೆಗೆ ಮಾತ್ರ ತರಗನ್ನು ಗುಡಿಸಿ ಒಳಕ್ಕೆ ಹಾಕಿ ತೆರವು ಪಟ್ಟಿ ಬಿಡಬೇಕು.

ಕಾಡಿನ ಕಡೆ ಹೊಗೆ ಕಂಡರೆ ಕೂಡಲೇ ಅರಣ್ಯ ಇಲಾಖೆಗೂ ಅಗ್ನಿಶಾಮಕ ಠಾಣೆಗೂ ತಿಳಿಸಬೇಕು. ಬಿಕ್ಕೋಡು ಸುತ್ತಮುತ್ತ ತೋಟಗಳಲ್ಲಿ ಕಾಡಾನೆಗಳು ತಂಗುವುದರಿಂದ, ಬೆಂಕಿ ಆರಿಸಲು ಒಬ್ಬೊಬ್ಬರಾಗಿ ಪೊದೆಯೊಳಗೆ ನುಗ್ಗುವುದು ಪ್ರಾಣಾಪಾಯ. ಇಲಾಖೆಯವರು ಬಂದ ಮೇಲೆ ಗುಂಪಾಗಿ ಹೋಗುವುದೇ ಸರಿಯಾದ ಕ್ರಮ.