ಯಾದವಗಿರಿಯಲ್ಲಿ ನೀವು ಕೊಳ್ಳೋದು ಮನೆಯನ್ನಲ್ಲ

ಮೈಸೂರಿನ ಯಾದವಗಿರಿ ಅಂದ ತಕ್ಷಣ ಕೆಲವರಿಗೆ ಆಕಾಶವಾಣಿ ನೆನಪಾಗುತ್ತೆ, ಕೆಲವರಿಗೆ ರಾಮಕೃಷ್ಣ ಆಶ್ರಮ, ಇನ್ನು ಕೆಲವರಿಗೆ ಆರ್.ಕೆ. ನಾರಾಯಣ್ ಅವರ ಮನೆ. ಆದರೆ ಅಲ್ಲಿ ಮನೆ ಹುಡುಕಿಕೊಂಡು ಹೋದವರನ್ನ ಕೇಳಿ ನೋಡಿ. ಸಿಗಲ್ಲ ಬಿಡಿ, ಸಿಕ್ಕಿದರೂ ನಮ್ಮ ಕೈಗೆ ಎಟುಕಲ್ಲ ಅಂತಾರೆ. ಅತ್ತ ಮಾರೋಕೆ ಕೂತವರನ್ನ ಕೇಳಿದರೆ, ನೋಡೋಕೆ ಎಲ್ಲರೂ ಬರ್ತಾರೆ ಸಾರ್, ವ್ಯವಹಾರ ಮಾತ್ರ ಕುದುರುತ್ತಿಲ್ಲ ಅಂತಾರೆ. ಕೊಳ್ಳುವವರಿಗೆ ಮನೆ ಇಲ್ಲ, ಮಾರುವವರಿಗೆ ಗಿರಾಕಿ ಇಲ್ಲ. ಒಂದೇ ಬಡಾವಣೆಯಲ್ಲಿ ಈ ಎರಡೂ ಹೇಗೆ ಸತ್ಯ ಆಗುತ್ತೆ? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಮೊದಲು ಸರಳ ಸಂಗತಿ. ರಿಂಗ್ ರೋಡ್ ಆಚೆ ಹೊಲ ಇದೆ, ಅಲ್ಲಿ ಹೊಸ ಲೇಔಟ್ ಮಾಡಬಹುದು. ಯಾದವಗಿರಿ ಹಾಗಲ್ಲ. ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇದೆ, ಒಂದು ಕಡೆ ಗೋಕುಲಂ, ಒಂಟಿಕೊಪ್ಪಲು. ಸುತ್ತ ಎಲ್ಲವೂ ಭರ್ತಿ. ಅಲ್ಲಿ ಹೊಸ ಸೈಟು ಹುಟ್ಟೋದಿಲ್ಲ. ಯಾರಾದರೂ ಹಳೇ ಮನೆ ಮಾರಿದರೆ ಮಾತ್ರ ಮಾರುಕಟ್ಟೆಗೆ ಒಂದು ಜಾಗ ಬರುತ್ತೆ. ಬೇಡಿಕೆ ಮಾತ್ರ ನಿಂತಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆದ ಮೇಲಂತೂ, ನಿವೃತ್ತಿ ಆದ ಮೇಲೆ ಮೈಸೂರಲ್ಲಿ ಇದ್ದುಬಿಡೋಣ ಅನ್ನುವ ಬೆಂಗಳೂರಿನವರ ಮಾತಿಗೆ ಇನ್ನಷ್ಟು ಬಲ ಬಂತು.

ಈಗ ನಾರಾಯಣ್ ಅವರ ಮನೆಗೇ ಬರೋಣ. 1952ರಲ್ಲಿ ಕಟ್ಟಿದ ಮನೆ. ಮಾಲ್ಗುಡಿಯನ್ನ ಜಗತ್ತಿಗೆ ಕೊಟ್ಟ ಲೇಖಕ ವರ್ಷಗಟ್ಟಲೆ ಬದುಕಿದ ಜಾಗ. 2001ರಲ್ಲಿ ಅವರು ತೀರಿಕೊಂಡರು. ಹತ್ತು ವರ್ಷದ ಮೇಲೆ, 2011ರಲ್ಲಿ, ಆ ಮನೆ ಬಿಲ್ಡರ್ ಕೈಗೆ ಹೋಗಿ ಕೆಡವುವ ಕೆಲಸ ಶುರುವಾಗಿತ್ತು. ಅಲ್ಲಿ ಅಪಾರ್ಟ್‌ಮೆಂಟ್ ಬರಬೇಕಿತ್ತು. ಊರಿನವರು ದನಿ ಎತ್ತಿದರು, ಕೆಲಸ ನಿಂತಿತು, ಕೊನೆಗೆ ಮಹಾನಗರ ಪಾಲಿಕೆ ಆ ಜಾಗ ಕೊಂಡು, ಮನೆಯನ್ನ ದುರಸ್ತಿ ಮಾಡಿಸಿ 2016ರಲ್ಲಿ ಮ್ಯೂಸಿಯಂ ಮಾಡಿತು. ಯಾರನ್ನೂ ದೂರೋಕೆ ಈ ಕತೆ ಹೇಳ್ತಿಲ್ಲ. ನಾರಾಯಣ್ ಅವರ ಮನೆಯನ್ನೇ ಮಾರುಕಟ್ಟೆ ಒಂದು ಸೈಟು ಅಂತ ನೋಡಿತು ಅಂದಮೇಲೆ, ನಿಮ್ಮಪ್ಪ ಪ್ರೀತಿಯಿಂದ ಕಟ್ಟಿಸಿದ ಮನೆಯನ್ನ ಬೇರೆ ರೀತಿ ನೋಡುತ್ತೆ ಅಂದುಕೊಳ್ಳಬೇಡಿ.

ಮಾರುವವರು ಎಡವೋದು ಇಲ್ಲೇ. ತೇಗದ ಬಾಗಿಲು, ರೆಡ್ ಆಕ್ಸೈಡ್ ನೆಲ, ಹಿತ್ತಲ ಮಾವಿನಮರ, ಎಲ್ಲಕ್ಕೂ ಮನಸ್ಸಲ್ಲೇ ಒಂದು ಬೆಲೆ ಸೇರಿಸಿ ಇಟ್ಟಿರ್ತಾರೆ. ಕೊಳ್ಳೋಕೆ ಬಂದವನು ಟೇಪ್ ಹಿಡಿದು ಸೈಟಿನ ಉದ್ದ, ಅಗಲ, ಮುಂದಿನ ರಸ್ತೆ ಎಷ್ಟು ಅಡಿ ಅಂತ ಅಳೀತಾನೆ. ಯಾಕಂದ್ರೆ ಅಲ್ಲಿ ಎಷ್ಟು ಮಹಡಿ ಕಟ್ಟಬಹುದು ಅನ್ನೋದು ಸೈಟಿನ ಅಳತೆ ಮತ್ತು ರಸ್ತೆಯ ಅಗಲದ ಮೇಲೆ ನಿಂತಿದೆ. ಹಳೇ ಕಟ್ಟಡ ಅವನಿಗೆ ಆಸ್ತಿ ಅಲ್ಲ, ಕೆಡವುವ ಖರ್ಚು. ನಿಮಗೆ ಮನೆ ಉಳೀಬೇಕು ಅನ್ನುವ ಆಸೆ ಇದ್ದರೆ, ಅದರಲ್ಲಿ ವಾಸ ಮಾಡುವ ಗಿರಾಕಿಯನ್ನ ಕಾದು ಹುಡುಕಬೇಕು, ಬೆಲೆಯಲ್ಲಿ ಸ್ವಲ್ಪ ಬಿಡಬೇಕು. ಎರಡೂ ಬೇಕು ಅಂದ್ರೆ ಆಗಲ್ಲ.

ಇನ್ನು ವ್ಯವಹಾರ ಯಾಕೆ ಕುದುರಲ್ಲ ಅನ್ನೋ ಪ್ರಶ್ನೆ. ಬೆಲೆ ಒಂದು ಕಾರಣ, ಸರಿ. ಅದಕ್ಕಿಂತ ದೊಡ್ಡ ಕಾರಣ ಸಹಿ.

ಸೈಟು ಅಪ್ಪನ ಹೆಸರಲ್ಲಿತ್ತು ಅಂದುಕೊಳ್ಳಿ. ಅಪ್ಪ ವಿಲ್ ಬರೆಯದೆ ಹೋದರು. ಹಿಂದೂ ಕುಟುಂಬವಾದರೆ 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ಪನ ಸ್ವಂತ ಸಂಪಾದನೆಯ ಆಸ್ತಿ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ. ಅಜ್ಜಿ ಬದುಕಿದ್ದರೆ ಅವರಿಗೂ ಪಾಲಿದೆ. ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಹೆಂಡತಿ, ಮಕ್ಕಳಿಗೂ ಇದೆ. ಪಿತ್ರಾರ್ಜಿತ ಆಸ್ತಿಯಾದರೆ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. 2005ರಲ್ಲಿ ತಂದೆ ಬದುಕಿರಬೇಕಿತ್ತಾ ಅನ್ನೋ ಗೊಂದಲವನ್ನ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ, ಮುಗಿಸಿಬಿಟ್ಟಿತು: ಬದುಕಿರಬೇಕಿಲ್ಲ. ಆದರೂ ಇವತ್ತಿಗೂ "ಅಕ್ಕನಿಗೆ ಮದುವೆ ಮಾಡಿ ಕೊಟ್ಟಾಯ್ತಲ್ಲ" ಅಂತ ಒಂದು ಸಹಿ ಬಿಟ್ಟು ಮನೆ ಮಾರೋಕೆ ಹೊರಡುವವರು ಇದ್ದಾರೆ. ಆ ಸಹಿ ಆಮೇಲೆ ಹಾಕಿಸೋಣ ಅಂತ ಯಾರಾದರೂ ಹೇಳಿದರೆ, ಕೊಳ್ಳುವವರೇ, ನಿಮ್ಮ ಅಡ್ವಾನ್ಸ್ ಜೇಬಲ್ಲೇ ಇರಲಿ.

ಅಣ್ಣ ಅಮೆರಿಕದಲ್ಲಿ ಇದ್ದಾನೆ, ಬರೋಕೆ ಆಗಲ್ಲ ಅಂತೀರಾ? ದಾರಿ ಇದೆ. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲೋ ನೋಟರಿ ಮುಂದೆಯೋ ಪವರ್ ಆಫ್ ಅಟಾರ್ನಿ ಮಾಡಿ ಕಳಿಸಬಹುದು. ಆ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊಟ್ಟವರು ತೀರಿಕೊಂಡರೆ ಆ ಅಧಿಕಾರ ಅಲ್ಲಿಗೇ ಮುಗೀತು. ಇನ್ನು ಬರೀ ಜಿಪಿಎ ಬರೆಸಿಕೊಂಡು ಮನೆ ನನ್ನದಾಯ್ತು ಅನ್ನೋ ಹಳೇ ಪದ್ಧತಿ ಇದೆಯಲ್ಲ, ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕಾಗದದ ವಿಷಯಕ್ಕೆ ಬಂದ್ರೆ, 2024ರ ಅಕ್ಟೋಬರ್‌ನಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತೆ ಬೇಕು. ಅಪ್ಪನ ಹೆಸರಲ್ಲೇ ಖಾತೆ ಕೂತಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬದಲಾಗಬೇಕು, ಆಮೇಲೆ ಮಾರಾಟ. ಗಿರಾಕಿ ಸಿಕ್ಕಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿದರೆ ಗಿರಾಕಿ ಕಾಯಲ್ಲ. ಹಾಗೇ ಒಂದು ತಪ್ಪು ತಿಳುವಳಿಕೆ: ಖಾತೆ ಇದ್ದ ಮಾತ್ರಕ್ಕೆ ಮಾಲೀಕ ಅಲ್ಲ. ಖಾತೆ ಅಂದ್ರೆ ತೆರಿಗೆ ಯಾರು ಕಟ್ಟಬೇಕು ಅನ್ನೋ ಲೆಕ್ಕ ಅಷ್ಟೇ. ಮಾಲೀಕತ್ವ ಇರೋದು ಕ್ರಯಪತ್ರದಲ್ಲಿ, ವಿಭಾಗ ಪತ್ರದಲ್ಲಿ.

ಇಸಿ ನೋಡಿದ್ದೀವಿ ಸಾರ್, ಕ್ಲೀನ್ ಇದೆ ಅಂತಾರೆ. ಯಾವ ವರ್ಷದಿಂದ? ಕಾವೇರಿ ತಂತ್ರಾಂಶದಲ್ಲಿ ಕೂತಲ್ಲೇ ಸಿಗೋದು 2004ರ ಏಪ್ರಿಲ್‌ನಿಂದ ಈಚಿನದು. ಯಾದವಗಿರಿಯಂಥ ಕಡೆ ಮನೆಯ ಕತೆ ಶುರುವಾಗೋದೇ ಅದಕ್ಕೆ ಎಷ್ಟೋ ದಶಕ ಮುಂಚೆ. ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿದ್ದು 1903ರಲ್ಲಿ. ಅದು ಹಂಚಿದ ಸೈಟು ಮುಂದೆ ಮುಡಾ ಲೆಕ್ಕಕ್ಕೆ ಬಂತು. ಅಂಥ ಸೈಟಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಶುದ್ಧ ಕ್ರಯಪತ್ರದಿಂದ ಇವತ್ತಿನವರೆಗೆ ಕೊಂಡಿ ಕಳಚದೆ ಬರಬೇಕು. ಹಳೇ ಇಸಿಯನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಿ. ಅದರಲ್ಲೂ ನೋಂದಣಿ ಆಗದ ವಿಲ್, ನೋಂದಣಿ ಆಗದ ಅಗ್ರಿಮೆಂಟ್, ಕೋರ್ಟ್‌ನಲ್ಲಿರೋ ಪಾಲು ವಿಭಾಗದ ದಾವೆ ಕಾಣದೇ ಇರಬಹುದು. ಹಾಗಾಗಿ ವಕೀಲರಿಗೆ ಕೊಡುವ ಫೀಸಿನಲ್ಲಿ ಚೌಕಾಸಿ ಬೇಡ. ಕೋಟಿ ಕೊಟ್ಟು ಮನೆ ಕೊಳ್ಳುವವರು ಲೀಗಲ್ ಒಪಿನಿಯನ್‌ಗೆ ಮಾತ್ರ ಕೈ ಬಿಗಿ ಹಿಡಿಯೋದು ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ.

ಈಗ ದುಡ್ಡು. ನಾನು ಓದಿದ್ದು ಎಂಜಿನಿಯರಿಂಗ್, ಕಾಗದ ಪೆನ್ಸಿಲ್ ಸಿಕ್ಕಿದರೆ ಲೆಕ್ಕ ಹಾಕೋ ಚಟ ಹೋಗಿಲ್ಲ. ಮನೆ 2 ಕೋಟಿ ಅಂತ ಇಟ್ಟುಕೊಳ್ಳಿ, ಲೆಕ್ಕ ಸುಲಭ ಆಗಲಿ ಅಂತ. ಮುದ್ರಾಂಕ ಶುಲ್ಕ ಶೇ. 5, ಅಂದ್ರೆ 10 ಲಕ್ಷ. ಅದರ ಮೇಲೆ ಸೆಸ್ 1 ಲಕ್ಷ, ಸರ್‌ಚಾರ್ಜ್ 20 ಸಾವಿರ. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಯ್ತು, ಅದು 4 ಲಕ್ಷ. ಒಟ್ಟು 15.2 ಲಕ್ಷ. ಇದಕ್ಕೆ ಬ್ಯಾಂಕ್ ಸಾಲ ಕೊಡಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 75 ಲಕ್ಷಕ್ಕಿಂತ ದೊಡ್ಡ ಗೃಹಸಾಲ ಆಸ್ತಿ ಮೌಲ್ಯದ ಶೇ. 75ನ್ನ ಮೀರುವಂತಿಲ್ಲ. ಅಂದ್ರೆ ಹೆಚ್ಚೆಂದರೆ ಒಂದೂವರೆ ಕೋಟಿ. ನಿಮ್ಮ ಕೈಯಿಂದ 50 ಲಕ್ಷ, ಜೊತೆಗೆ 15.2 ಲಕ್ಷ. 65.2 ಲಕ್ಷ ಇಲ್ಲದೆ ಈ ಮನೆಯ ಗೇಟ್ ತಟ್ಟಬೇಡಿ.

ಇಲ್ಲೇ ಒಬ್ಬರು ಬಂದು ಕಿವಿಯಲ್ಲಿ ಹೇಳ್ತಾರೆ: "1 ಕೋಟಿ 40 ಲಕ್ಷಕ್ಕೆ ರಿಜಿಸ್ಟರ್ ಮಾಡಿಸಿ, ಉಳಿದದ್ದು ಕ್ಯಾಶ್." ಅದು ಅಪರಾಧ ಅನ್ನೋದು ಒಂದು ಕಡೆ. ಲಾಭವಾದರೂ ಇದೆಯಾ ನೋಡೋಣ. ನೋಂದಣಿ ಖರ್ಚು 10.64 ಲಕ್ಷಕ್ಕೆ ಇಳೀತು, ಉಳಿದದ್ದು 4.56 ಲಕ್ಷ. ಖುಷಿ. ಆದರೆ ಬ್ಯಾಂಕ್ ನೋಡೋದು ಪತ್ರದಲ್ಲಿರೋ 1.4 ಕೋಟಿಯನ್ನ, ಸಾಲ 1.05 ಕೋಟಿಗೆ ಕುಸೀತು. ಈಗ ನಿಮ್ಮ ಕೈಯಿಂದ 1 ಕೋಟಿ 5 ಲಕ್ಷಕ್ಕೂ ಹೆಚ್ಚು ಬೇಕು. ಮುಂದೆ ನೀವು ಇದೇ ಮನೆ ಮಾರುವಾಗ ಕೊಂಡ ಬೆಲೆ 1.4 ಕೋಟಿ ಅಂತಲೇ ಲೆಕ್ಕ, ಕಾಣದ ಆ 60 ಲಕ್ಷವೂ ಲಾಭ ಅನಿಸಿಕೊಳ್ಳುತ್ತೆ. ಶೇ. 12.5ರಂತೆ 7.5 ಲಕ್ಷ ತೆರಿಗೆ. ನಾಲ್ಕೂವರೆ ಉಳಿಸೋಕೆ ಹೋಗಿ ಏಳೂವರೆ ಕಳಕೊಂಡಿರಿ. ಮಾರುವವರಿಗೂ ಕ್ಷೇಮ ಇಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ, ತಗೊಂಡಷ್ಟೇ ದಂಡ ಬೀಳಬಹುದು.

ಇನ್ನೊಂದು ಕೆಲಸ ಕೊಳ್ಳುವವರ ತಲೆ ಮೇಲಿದೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ. 1 ಟಿಡಿಎಸ್ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾದವರು ನೀವೇ. ಮಾರುವವರಲ್ಲಿ ಒಬ್ಬರು ಅನಿವಾಸಿ ಆಗಿದ್ದರೆ ಅವರ ಪಾಲಿಗೆ ಶೇ. 1 ಸಾಲಲ್ಲ, ದರ ತುಂಬಾ ಜಾಸ್ತಿ. ಆ ಅಮೆರಿಕದ ಅಣ್ಣನ ಪಾಲಿಗೂ ಶೇ. 1 ಮಾತ್ರ ಮುರಿದರೆ ನೋಟಿಸ್ ಬರೋದು ಅಣ್ಣನಿಗಲ್ಲ, ನಿಮಗೆ. ಕಡಿಮೆ ಮುರಿಯಬೇಕು ಅಂದ್ರೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕಾದ್ದು ಅವರು.

ಮಾರುವವರ ತೆರಿಗೆ ಲೆಕ್ಕ ಇನ್ನೂ ಸ್ವಾರಸ್ಯ. 2024ರ ಜುಲೈ 23ಕ್ಕೂ ಮುಂಚೆ ಕೊಂಡ ಮನೆಯನ್ನ ಈಗ ಮಾರುವ, ಇಲ್ಲೇ ವಾಸವಿರುವ ವ್ಯಕ್ತಿಗೆ ಎರಡು ದಾರಿ: ಹಣದುಬ್ಬರದ ಲೆಕ್ಕವಿಲ್ಲದೆ ಶೇ. 12.5, ಅಥವಾ ಹಣದುಬ್ಬರ ಸೇರಿಸಿ ಶೇ. 20. ಅನಿವಾಸಿಗಳಿಗೆ ಎರಡನೇ ದಾರಿ ಇಲ್ಲ. ಮನೆ 2001ಕ್ಕಿಂತ ಹಳೇದಾದರೆ 2001ರ ಏಪ್ರಿಲ್ 1ರ ಮೌಲ್ಯವನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು, ಆದರೆ ಆ ದಿನದ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನ ದಾಟುವಂತಿಲ್ಲ. ಆ ಮೌಲ್ಯ 20 ಲಕ್ಷ ಅಂದುಕೊಳ್ಳಿ, ಮಾರಿದ್ದು 2 ಕೋಟಿಗೆ. ಶೇ. 12.5ರ ದಾರಿಯಲ್ಲಿ ತೆರಿಗೆ 22.5 ಲಕ್ಷ. 2025-26ರ ಸೂಚ್ಯಂಕ 376 ಹಾಕಿ ಶೇ. 20ರ ದಾರಿ ಹಿಡಿದರೆ ಸುಮಾರು 25 ಲಕ್ಷ. ಮೊದಲನೇದೇ ವಾಸಿ. ಅದೇ 2001ರ ಮೌಲ್ಯ 30 ಲಕ್ಷ ಅಂತ ಬಂದರೆ? ಮೊದಲನೇದು 21.25 ಲಕ್ಷ, ಎರಡನೇದು 17.44 ಲಕ್ಷ. ಲೆಕ್ಕ ಉಲ್ಟಾ! ಸೆಸ್, ಸರ್‌ಚಾರ್ಜ್ ಇದರ ಮೇಲೆ ಬೇರೆ. ಅಂದ್ರೆ ನೋಂದಾಯಿತ ಮೌಲ್ಯಮಾಪಕರಿಂದ 2001ರ ಬೆಲೆಯ ವರದಿ ತೆಗೆಸುವುದು ಬ್ರೋಕರ್‌ಗೆ ಫೋನ್ ಮಾಡೋದಕ್ಕಿಂತ ಮುಂಚಿನ ಕೆಲಸ. ಮನೆ ವಾರಸಾಗಿ ಬಂದಿದ್ದರೆ ಸೂಚ್ಯಂಕದ ಲೆಕ್ಕ ಇನ್ನೊಂದು ತಿರುವು ತಗೊಳ್ಳುತ್ತೆ, ಆಡಿಟರ್ ಹತ್ತಿರವೇ ಕೂತು ಮಾಡಿಸಿ. ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಇದೆ. ಅಲ್ಲಿಯವರೆಗೆ ಆ ಹಣ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇರಬೇಕು, ಮಾಮೂಲಿ ಎಫ್‌ಡಿಯಲ್ಲಿ ಅಲ್ಲ.

ಈ ತೆರಿಗೆ, ಈ ಕೆಲಸ ಎಲ್ಲ ಯಾಕೆ, ಬಿಲ್ಡರ್‌ಗೆ ಜಾಗ ಕೊಟ್ಟು ಎರಡು ಫ್ಲ್ಯಾಟ್ ತಗೊಳ್ಳೋಣ ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಕೊಡಿ, ತಪ್ಪಿಲ್ಲ. ಆದರೆ ರೇರಾ ಇದೆಯಲ್ಲ ಅಂತ ನೆಮ್ಮದಿಯಾಗಿ ಮಲಗಬೇಡಿ. 500 ಚದರ ಮೀಟರ್ ಮೀರದ ಜಾಗಕ್ಕೆ, ಅಥವಾ ಎಂಟು ಫ್ಲ್ಯಾಟ್ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಹಳೇ ಬಡಾವಣೆಯ 60-80 ಸೈಟು ಎಷ್ಟಾಗುತ್ತೆ? 446 ಚದರ ಮೀಟರ್. ಮಿತಿಯ ಒಳಗೇ! ಗ್ರಾಹಕರ ಹಣದಲ್ಲಿ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು, ಅಗ್ರಿಮೆಂಟ್ ನೋಂದಣಿ ಮಾಡದೆ ಶೇ. 10ಕ್ಕಿಂತ ಹೆಚ್ಚು ತಗೊಳ್ಳಬಾರದು ಅಂತೆಲ್ಲ ರೇರಾ ಕೊಡುವ ರಕ್ಷಣೆ ಇಂಥ ಸಣ್ಣ ಅಪಾರ್ಟ್‌ಮೆಂಟ್‌ಗೆ ಸಿಗುತ್ತೆ ಅಂತ ನಂಬಿಕೊಂಡು ಕೂರೋಕೆ ಆಗಲ್ಲ. ಇಲ್ಲಿ ಫ್ಲ್ಯಾಟ್ ಕೊಳ್ಳುವವರು ಮಂಜೂರಾದ ನಕ್ಷೆ, ಕಟ್ಟಿದ ಕಟ್ಟಡ ಎರಡೂ ಒಂದೇನಾ, ವಾಸಯೋಗ್ಯ ಪ್ರಮಾಣಪತ್ರ ಬಂದಿದೆಯಾ, ಜಾಗದಲ್ಲಿ ತಮ್ಮ ಅವಿಭಜಿತ ಪಾಲು ಎಷ್ಟು ಚದರಡಿ ಅಂತ ತಾವೇ ನೋಡಬೇಕು. ಜಾಗ ಕೊಡುವವರು ಕೆಲಸ ಮುಗಿಸುವ ತಾರೀಖು, ತಡವಾದರೆ ತಿಂಗಳಿಗೆ ಎಷ್ಟು ಬಾಡಿಗೆ, ಕೈಬಿಟ್ಟು ಹೋದರೆ ಜಾಗ ಹೇಗೆ ವಾಪಸ್ ಬರುತ್ತೆ, ಇದನ್ನೆಲ್ಲ ನೋಂದಾಯಿತ ಒಪ್ಪಂದದಲ್ಲೇ ಬರೆಸಬೇಕು.

ಮತ್ತೆ, ಮಕ್ಕಳೇ, ಬೆಲೆ ಮಾತಾಡುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಇರಲಿ. ಮನೆ ಖಾಲಿ ಮಾಡಿದ ಮೇಲೆ ಅಮ್ಮ ಎಲ್ಲಿರ್ತಾರೆ? ಫ್ಲ್ಯಾಟ್ ಮುಗಿಯೋಕೆ ಮೂರು ವರ್ಷ ಅಂತಾರೆ. ಎಪ್ಪತ್ತೈದರ ಅಮ್ಮನಿಗೆ ಆ ಮೂರು ವರ್ಷ ಬಾಡಿಗೆ ಮನೆಯ ಎರಡನೇ ಮಹಡಿ ಅಂದ್ರೆ ಯಾವ ಲಾಭದ ಲೆಕ್ಕವೂ ಸರಿ ಹೋಗಲ್ಲ. ಅದೇ ಬೀದಿಯಲ್ಲಿ, ನೆಲಮಹಡಿಯಲ್ಲಿ, ಬಿಲ್ಡರ್ ಖರ್ಚಿನಲ್ಲಿ ಮನೆ ಅಂತ ಷರತ್ತು ಹಾಕಬಹುದು. ನೇರ ಮಾರಾಟವಾದರೆ ನೋಂದಣಿ ಆದ ಮೇಲೂ ಆರು ತಿಂಗಳು ಅಲ್ಲೇ ಇರೋಕೆ ಅವಕಾಶ ಕೇಳಬಹುದು, ಕೊಳ್ಳುವವರು ಸಾಮಾನ್ಯವಾಗಿ ನಕ್ಷೆ ಮಂಜೂರಾತಿಗೆ ಓಡಾಡೋ ಸಮಯವೇ ಅದು. ಅಮ್ಮನ ಸಹಿ ತಗೊಳ್ಳುವ ದಿನ ಅಲ್ಲ, ಅಗ್ರಿಮೆಂಟ್‌ನ ಮೊದಲ ಕರಡು ಬರೆಯುವ ದಿನವೇ ಈ ಷರತ್ತು ಅದರಲ್ಲಿ ಇರಬೇಕು.