ಇಳಿಹೊತ್ತಿನ ಗೋಷ್ಠಿ

ಮನುಷ್ಯಜನ್ಮ ಸಾರ್ಥಕವಾಗಲು ಏನೇನು ಬೇಕೆಂದು ಲೆಕ್ಕ ಹಾಕಿದ ಕವಿಗಳಲ್ಲಿ ಪಂಪನು ಉದಾರಿ. 10ನೆಯ ಶತಮಾನದ ಆ ಕವಿ ಬನವಾಸಿಯ ಜನರನ್ನು ನೆನೆಯುವಾಗ ದಾನ, ಭೋಗ, ವಿದ್ಯೆ, ಸಂಗೀತಗಳ ಸಾಲಿನಲ್ಲಿಯೇ ಗೋಷ್ಠಿಯ ಸುಖವನ್ನೂ ಇರಿಸಿದ್ದಾನೆ. ಕತ್ತಿಯನ್ನೂ ಕಂಠವನ್ನೂ ಹಿಡಿದವನಿಗೆ ಮಾತಿನ ಕೂಟವು ಅಷ್ಟು ದೊಡ್ಡದಾಗಿ ಕಂಡಿತೆಂದರೆ, ಅದನ್ನು ಬರಿಯ ಕಾಲಹರಣವೆಂದು ತಳ್ಳಿಹಾಕುವ ಮುನ್ನ ನಾವು ತುಸು ಯೋಚಿಸಬೇಕು.

ಬಳ್ಳಾರಿಯವರಿಗೆ ಈ ಯೋಚನೆ ಸಹಜವಾದುದು. ನಮ್ಮದು ಬಿಸಿಲ ಸೀಮೆ. ಬೇಸಗೆಯಲ್ಲಿ ಪಾದರಸವು 40 ಡಿಗ್ರಿಯನ್ನು ದಾಟಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಹಗಲೆಲ್ಲ ಕಾದ ಕೋಟೆಯ ಬೆಟ್ಟವು ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಝಳವನ್ನು ಉಗುಳುತ್ತಿರುತ್ತದೆ. ಒಳಗೆ ಕುಳಿತರೆ ಧಗೆ. ಗಾಳಿಗೆಂದು ಬಾಗಿಲಿಗೆ ಬಂದರೆ ಎದುರುಮನೆಯವರೂ ಅದೇ ಗಾಳಿಗಾಗಿ ಬಾಗಿಲಿಗೆ ಬಂದಿರುತ್ತಾರೆ. ಬ್ರೂಸ್‌ಪೇಟೆಯಂತಹ ಹಳೆಯ ಪೇಟೆಯಲ್ಲಿ ಅರ್ಧ ಸ್ನೇಹಗಳು ಹುಟ್ಟಿರುವುದು ಹೀಗೆಯೇ. ಗಾಳಿ ಬರಲಿ ಬಾರದಿರಲಿ, ಮಾತಂತೂ ಬರುತ್ತದೆ.

ಈ ಗೋಷ್ಠಿಗೆ ಅಧ್ಯಕ್ಷರಿಲ್ಲ, ಸ್ವಾಗತ ಭಾಷಣವಿಲ್ಲ, ವಂದನಾರ್ಪಣೆಯಂತೂ ಇಲ್ಲವೇ ಇಲ್ಲ. ಸಂಬಂಧಿಕರಂತೆ ಉಡುಗೊರೆಯನ್ನು ತರಬೇಕಾದುದಿಲ್ಲ. ಸಹೋದ್ಯೋಗಿಗಳಂತೆ ಎಚ್ಚರದಿಂದ ನಗಬೇಕಾದುದೂ ಇಲ್ಲ. ಪತ್ರಿಕೆಯನ್ನು ಓದದೆಯೇ ಅದರ ಮೇಲೆ ಭಾಷ್ಯ ಬರೆಯಬಲ್ಲವರೊಬ್ಬರು, ಒಂದೇ ಕಥೆಯನ್ನು ಪ್ರತಿ ಬೇಸಗೆಯಲ್ಲಿಯೂ ಹೊಸದೆಂಬಂತೆ ಹೇಳುವವರೊಬ್ಬರು, ಬಾಯಿ ಬಿಡದೆ ಎಲ್ಲವನ್ನೂ ಕೇಳಿ ಕೊನೆಗೆ ಒಂದು ಮಾತಿನಲ್ಲಿ ಎಲ್ಲರನ್ನೂ ನಗಿಸುವವರೊಬ್ಬರು, ಇಷ್ಟು ಜನ ಸೇರಿದರೆ ಗೋಷ್ಠಿ ಪೂರ್ಣವಾಯಿತು.

ಮಾತಿಗೆ ಹಸಿವಾದಾಗ ಪೇಟೆಯ ಕಡೆಗೆ ಕಾಲು ತಾನಾಗಿಯೇ ಹೊರಳುತ್ತದೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ, ಪುಟಾಣಿ ಪುಡಿ ಸೇರಿಸಿ ಮಾಡಿದ ವಗ್ಗರಣೆ. ಅದರ ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಮಿಂದು ಎಣ್ಣೆಯಲ್ಲಿ ಪಕ್ವವಾದ ಮಿರ್ಚಿ. ಬಿಸಿಲೂರಿನವರು ಸಂಜೆಯ ಹೊತ್ತು ಖಾರವನ್ನೇ ಏಕೆ ಅರಸುತ್ತಾರೆಂಬ ಪ್ರಶ್ನೆಗೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ತಿಂದವರಿಗೆ ಉತ್ತರ ಬೇಕಾಗಿಯೂ ಇಲ್ಲ. ಗಡಿಯಾಚೆಯ ಆದೋನಿ, ಕರ್ನೂಲು, ಅನಂತಪುರಗಳಲ್ಲಿ ಇದೇ ತಿಂಡಿಯನ್ನು ‘ಉಗ್ಗಾಣಿ’ ಎನ್ನುತ್ತಾರೆ. ಹೆಸರು ಎರಡು, ರುಚಿ ಒಂದು. ನಮ್ಮ ಊರಿನ ಸ್ವಭಾವವೂ ಹಾಗೆಯೇ. ತೆಲುಗಿನಲ್ಲಿ ಆರಂಭವಾದ ವಾಕ್ಯ ಕನ್ನಡದಲ್ಲಿ ಮುಗಿದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಇಂತಹ ಬಿಡುವಿನ ಸಂಜೆಗಳಿಂದ ಫಲವೇನು ಎಂದು ಕೇಳುವವರು ಈ ಊರಿನ ರಂಗಭೂಮಿಯನ್ನು ನೆನೆಯಬೇಕು. 1886ರಲ್ಲಿ ಧರ್ಮವರಂ ರಾಮಕೃಷ್ಣಾಚಾರ್ಯರು ಇಲ್ಲಿ ಸರಸ ವಿನೋದಿನೀ ಸಭೆಯನ್ನು ಸ್ಥಾಪಿಸಿದರು. ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನು ಬೆಳೆಸಿದರು. ಇಬ್ಬರೂ ವೃತ್ತಿಯಿಂದ ವಕೀಲರು. ಹಗಲು ನ್ಯಾಯಾಲಯದಲ್ಲಿ ವಾದಿಸಿದ ಕಂಠಗಳೇ ಇಳಿಹೊತ್ತಿನಲ್ಲಿ ರಾಜರ, ಋಷಿಗಳ ಮಾತನ್ನು ಅಭ್ಯಾಸ ಮಾಡಿದವು. ಸಭೆಯೆಂಬ ಘನವಾದ ಹೆಸರಿದ್ದರೂ ಅವುಗಳ ಬೇರು ಗೆಳೆಯರ ಕೂಟದಲ್ಲಿತ್ತು. ಹೊಟ್ಟೆಪಾಡಿಗಲ್ಲದೆ ಮನಸ್ಸಿನ ಸಂತೋಷಕ್ಕಾಗಿ ಸೇರಿದವರ ವಿಲಾಸವದು. ರಾಮಕೃಷ್ಣಾಚಾರ್ಯರ ಸೋದರಳಿಯ ರಾಘವಾಚಾರ್ಯರು ಆ ಗಾಳಿಯಲ್ಲಿಯೇ ಬೆಳೆದು, ವಕೀಲಿಯ ಜೊತೆಗೇ ಅಭಿನಯವನ್ನೂ ನಡೆಸಿ, ‘ಬಳ್ಳಾರಿ ರಾಘವ’ ಎಂಬ ಹೆಸರಿನಿಂದ ನಾಡಿನಾಚೆಗೂ ಪ್ರಸಿದ್ಧರಾದರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಆ ಮಹಾನಟರು ತೆಲುಗು, ಕನ್ನಡ, ಇಂಗ್ಲಿಷ್ ನಾಟಕಗಳಲ್ಲಿ ಸಮಾನ ಪ್ರೀತಿಯಿಂದ ಅಭಿನಯಿಸಿದರು. ಗಮಕಿಗಳೂ ನಾಟಕಕಾರರೂ ಆಗಿದ್ದ ಜೋಳದರಾಶಿ ದೊಡ್ಡನಗೌಡರು ಅವರ ಒಡನಾಟದಲ್ಲಿ ಬೆಳೆದವರು.

ಈ ಕೂಟಗಳನ್ನು ಹೊಗಳುವಾಗ ಅವುಗಳ ಕೊರತೆಯನ್ನು ಮರೆಯಬಾರದು. ಬೀದಿಯ ಕಟ್ಟೆ ಬಹುಕಾಲ ಗಂಡಸರ ಸೊತ್ತಾಗಿತ್ತು. ಹೆಂಗಸರ ಸಂಜೆಗಳು ಹಿತ್ತಿಲಲ್ಲಿಯೋ ಗುಡಿಯ ಪ್ರಾಕಾರದಲ್ಲಿಯೋ ಕಳೆಯುತ್ತಿದ್ದವು. ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದು ರಾಘವರು ಪಟ್ಟುಹಿಡಿದುದು ಆ ಕೊರತೆಯನ್ನು ಕಂಡೇ ಇರಬೇಕು. ಇಂದು ನಮ್ಮ ಮಾಳಿಗೆಯ ಮೇಲೆ ದಂಪತಿಗಳು ಕೂಡಿಯೇ ಕುಳಿತು ಹರಟುತ್ತಾರೆ. ಗೋಷ್ಠಿಯ ರಸ ಇದರಿಂದ ಹೆಚ್ಚಿದೆಯೇ ಹೊರತು ಕುಂದಿಲ್ಲ.

ಸ್ನೇಹಕ್ಕೆ ಕಠಿನವಾದ ಪರೀಕ್ಷೆಯೂ ಈ ಊರಿನಲ್ಲಿ ನಡೆದಿದೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವಾಗ ಬಳ್ಳಾರಿ ಯಾರದೆಂಬ ವಿವಾದ ಕಾವೇರಿತು. ಆ ವರ್ಷದ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರನ್ನು ಸೇರಿತು. ವಿಲೀನದ ಸಂಭ್ರಮದ ಹೊತ್ತಿನಲ್ಲಿಯೇ ರಂಜಾನ್ ಸಾಬರು ದುಷ್ಕರ್ಮಿಗಳ ದಾಳಿಗೆ ತುತ್ತಾಗಿ ಪ್ರಾಣವನ್ನು ತೆತ್ತರು. ಅಂತಹ ಕಹಿಯನ್ನು ಉಂಡ ಊರು ಮತ್ತೆ ಎರಡು ಭಾಷೆಗಳಲ್ಲಿ ನಗಲು ಕಲಿತುದು ಸರಕಾರದ ಆಜ್ಞೆಯಿಂದಲ್ಲ. ಗೆರೆಯನ್ನು ಎಳೆಯುವುದು ಆಯೋಗಗಳ ಕೆಲಸ; ಗೆರೆಯ ಆಚೀಚೆಗೆ ಕುಳಿತವರು ಒಂದೇ ತಟ್ಟೆಯ ಮಿರ್ಚಿಗೆ ಕೈಹಾಕುವಂತೆ ಮಾಡುವುದು ಸಂಜೆಯ ಕೆಲಸ.

ಆ ಸಂಜೆ ಈಗ ಕಿರಿದಾಗುತ್ತಿದೆ. ಕಟ್ಟೆಗಳಿದ್ದೆಡೆ ವಾಹನಗಳು ನಿಂತಿವೆ. ಗೆಳೆಯರು ಅಂಗೈಯ ಫೋನಿನಲ್ಲಿ ಗುಂಪುಗೂಡಿದ್ದಾರೆ. ಅಲ್ಲಿಯೂ ಹಾಸ್ಯವಿದೆ, ಸಮಾಚಾರವಿದೆ. ಆದರೆ ಒಪ್ಪದವನ ಮಾತನ್ನು ಬೆರಳ ತುದಿಯಿಂದ ಅಳಿಸಿಬಿಡಬಹುದು. ಕಟ್ಟೆಯ ಮೇಲೆ ಒಪ್ಪದವನು ಮೊಣಕಾಲು ತಗಲುವಷ್ಟು ಹತ್ತಿರದಲ್ಲಿರುತ್ತಾನೆ. ಅವನ ಮುಖವನ್ನು ನೋಡುತ್ತಲೇ ವಾದಿಸಬೇಕು, ಚಹಾ ಬಂದಾಗ ಮೊದಲ ಲೋಟವನ್ನು ಅವನಿಗೇ ಕೊಡಬೇಕು. ಪ್ರಜಾಪ್ರಭುತ್ವದ ಪಾಠವನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ಶಾಲೆ ಬೇರೆಲ್ಲಿದೆ?

ಗೋಷ್ಠಿಗೆ ಬೇಕಾದ ಸಲಕರಣೆಯಾದರೂ ಎಷ್ಟು! ಮಾಳಿಗೆಯ ಮೇಲೊಂದು ಚಾಪೆ, ಒಂದು ತಂಬಿಗೆ ತಣ್ಣೀರು, ಗಡಿಯಾರವನ್ನು ನೋಡದಿರುವ ಸೌಜನ್ಯ. ವಾಚಕರು ಈ ವಾರ ಒಂದು ಸಂಜೆ ಬಾಗಿಲನ್ನು ತೆರೆದಿಟ್ಟು ನೋಡಲಿ. ಬರುವವರು ಬಂದೇ ಬರುತ್ತಾರೆ.