ನಿಮ್ಮ ಲೈನ್ ಯಾವುದು?

"ತಾತ, ನಿಮ್ಮ ಲೈನ್ ಯಾವುದು ಅಂತ ಕೇಳ್ತಿದಾರೆ," ಅಂದಳು ಮೊಮ್ಮಗಳು.

ಟೋಕಿಯೋದ ಅಕಿಹಬರಾ. ಇಕ್ಕಟ್ಟಾದ ಕಟ್ಟಡವೊಂದರ ಐದನೇ ಮಹಡಿ. ಲಿಫ್ಟಿನಲ್ಲಿ ನಾಲ್ವರು ನಿಂತರೆ ಐದನೆಯವರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಬಾಗಿಲು ತೆರೆದರೆ ಎದುರಿಗೇ ಗಾಜಿನ ಕಪಾಟುಗಳು, ನೆಲದಿಂದ ಸೂರಿನವರೆಗೆ ಬರೀ ರೈಲು. ಗಲ್ಲಾದ ಹಿಂದೆ ಏಪ್ರನ್ ತೊಟ್ಟು ನಿಂತಿದ್ದ ನಡುವಯಸ್ಸಿನವರು ಆ ಪ್ರಶ್ನೆ ಕೇಳಿದ ಧಾಟಿ ನನಗೆ ಬಹಳ ಪರಿಚಿತ. ನಮ್ಮಲ್ಲಿ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದೆಲೆಯವರು "ತಮ್ಮದು ಯಾವೂರಾಯ್ತು?" ಅನ್ನುತ್ತಾರಲ್ಲ, ಹಾಗೆ.

"ಮೈಸೂರು–ಅರಸೀಕೆರೆ ಅಂತ ಹೇಳು."

ಅವಳು ಹೇಳಿದಳು. ಆತ ಕಣ್ಣು ಮುಚ್ಚಿ, ಅಷ್ಟೂ ಕಪಾಟುಗಳನ್ನು ಮನಸ್ಸಿನಲ್ಲೇ ಒಂದು ಸುತ್ತು ಜಾಲಾಡಿ ಬಂದ ಹಾಗೆ ಕಂಡಿತು. ಆಮೇಲೆ ತಲೆ ಬಾಗಿಸಿ ಕ್ಷಮೆ ಕೇಳಿದರು. ಇಲ್ಲವಂತೆ. ಇರುವುದಾದರೂ ಹೇಗೆ! ಆದರೂ ಹುಡುಕಿ ನೋಡಿ ಇಲ್ಲ ಅಂದರಲ್ಲ, ಅದು ದೊಡ್ಡದು.

ಪರವೂರಿಗೆ ಹೋದಾಗ ಆಟದ ರೈಲಿನ ಅಂಗಡಿ ಹುಡುಕುವುದು ನನ್ನ ಹಳೇ ಚಟ. 'ಆಟದ' ಎಂದರೆ ಆ ಅಂಗಡಿಯವರು ಒಪ್ಪುವುದಿಲ್ಲ. ಅವರ ಪ್ರಕಾರ ಅದು ಮಾದರಿ ರೈಲು. ನಮ್ಮ ಮನೆಯವಳು ಮಾತ್ರ ಇವತ್ತಿಗೂ ಆಟದ ಸಾಮಾನು ಅಂತಲೇ ಅನ್ನುವುದು. ಹಿಂದೊಮ್ಮೆ ಜರ್ಮನಿಯ ಸಣ್ಣ ಊರೊಂದರಲ್ಲಿ ಇಂಥ ಅಂಗಡಿಗೆ ನುಗ್ಗಿದ್ದೆ. ಅಲ್ಲಿ ರೈಲಿಗಿಂತ ಹೆಚ್ಚು ಜಾಗ ಹಿಡಿದಿದ್ದವು ಊರುಗಳು: ಮರದ ಅಡ್ಡಪಟ್ಟಿಯ ಮನೆಗಳು, ಚರ್ಚು, ಹುಲ್ಲುಗಾವಲು, ಡಜನ್ ಲೆಕ್ಕದಲ್ಲಿ ಡಬ್ಬಿಯೊಳಗೆ ಮಲಗಿದ ಹಸುಗಳು. ಗೋಪಿಂಗನ್ ಪಟ್ಟಣದಲ್ಲಿ 1859ರಲ್ಲಿ ಶುರುವಾದ ಮಾರ್ಕ್ಲಿನ್ ಕಂಪನಿಯ ಇಂಜಿನ್ನನ್ನು ಕೈಗಿತ್ತರು. ಸೇರುಗಲ್ಲಿನ ಹಾಗೆ ಭಾರ. ಬೆಲೆ ಕೇಳಿ ಅಷ್ಟೇ ಜೋಪಾನವಾಗಿ ವಾಪಸು ಕೊಟ್ಟೆ. ಜಪಾನಿನ ಅಂಗಡಿಯಲ್ಲಿ ಹಸುಗಳು ಕಡಿಮೆ. ಇಲ್ಲಿರುವುದು ಜನ ದಿನಾ ನೇತಾಡಿಕೊಂಡು ಆಫೀಸಿಗೆ ಹೋಗುವ ರೈಲು. ಒಂದೇ ಥರ ಕಾಣುವ ಬೆಳ್ಳಿಬಣ್ಣದ ಡಬ್ಬಿಗಳು, ಬೇರೆಬೇರೆ ಬಣ್ಣದ ಒಂದೊಂದು ಪಟ್ಟಿ. ಹಸಿರು ಪಟ್ಟಿಯದು ಯಮನೋತೆ, ಕಿತ್ತಳೆಯದು ಚುವೊ. ಮಗಳ ಮನೆಯಿರುವ ನಿಶಿ-ಕಸಾಯ್ ಮೇಲೆ ಹಾಯುವ ತೊಜಾಯ್ ಲೈನಿನದು ಆಕಾಶನೀಲಿ. ಭಾರತೀಯರು ಬಹಳ ಮಂದಿ ಇರುವ ಬಡಾವಣೆ ಅದು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಸೇತುವೆಯ ಮೇಲೆ ನೀಲಿ ಪಟ್ಟಿ ಹೋಗುತ್ತಲೇ ಇರುತ್ತದೆ. ಮೊಮ್ಮಗಳಿಗೆ 'ನಮ್ಮ ಲೈನ್' ಅಂದರೆ ಅದೇ.

ಅಕಿಹಬರಾಕ್ಕೆ ಬರುವ ಮುಂಚೆ ಎರಡು ಕಡೆ ಅಲೆದಿದ್ದೆವು. ಮೊದಲು ನಿಶಿ-ಒಚಿಯಾಯ್, ಕಾಟೊ ಕಂಪನಿಯ ಸ್ವಂತ ಮಳಿಗೆ. ರಸ್ತೆಬದಿಯಲ್ಲಿ ಇದ್ದಕ್ಕಿದ್ದ ಹಾಗೆ ಒಂದು ನಿಜವಾದ ಹಳೇ ಕೆಂಪು ಬೋಗಿ ನಿಂತಿದೆ, ಕೇಕ್ಯು ರೈಲ್ವೆಯದು. ಅದನ್ನು ಕಂಡರೆ ಅಂಗಡಿ ಸಿಕ್ಕಿತು ಅಂತ ಲೆಕ್ಕ. 1965ರಲ್ಲಿ ಸಿ50 ಎಂಬ ಉಗಿ ಇಂಜಿನ್ನಿನ ಮಾದರಿ ಮಾಡಿ ಜಪಾನಿಗೆ 'ಎನ್ ಗೇಜ್' ಹುಚ್ಚು ಹತ್ತಿಸಿದವರು ಇವರು. ಎನ್ ಎಂದರೆ ಒಂಬತ್ತು, ಹಳಿಗಳ ನಡುವಿನ ಅಂತರ 9 ಮಿಲಿಮೀಟರ್. ಇಡೀ ರೈಲ್ವೆಯನ್ನು ಮೇಜಿನ ಮೇಲೆ ಹರಡಿ, ಊಟದ ಹೊತ್ತಿಗೆ ಎತ್ತಿಡಬಹುದು. ಟೋಕಿಯೋದ ಬೆಂಕಿಪೊಟ್ಟಣದಂಥ ಮನೆಗಳಲ್ಲಿ ಬೇರಾವ ಹವ್ಯಾಸಕ್ಕೆ ಜಾಗವಿದ್ದೀತು?

ಈ ಒಂಬತ್ತರಲ್ಲೊಂದು ತಮಾಷೆಯಿದೆ. ಶಿಂಕಾನ್ಸೆನ್ ಓಡುವುದು 1435 ಮಿಲಿಮೀಟರ್ ಹಳಿಯ ಮೇಲೆ. ಅದನ್ನು 160ರಲ್ಲಿ ಒಂದು ಪಾಲಿಗೆ ಇಳಿಸಿದರೆ 9 ಮಿಲಿಮೀಟರಿಗೆ ಕರಾರುವಾಕ್ಕಾಗಿ ಕೂರುತ್ತದೆ. ಆದರೆ ಜಪಾನಿನ ಮಾಮೂಲಿ ರೈಲುಗಳ ಹಳಿ 1067. ಅವುಗಳ ಡಬ್ಬಿಯನ್ನು 150ರಲ್ಲಿ ಒಂದು ಪಾಲು ಮಾಡುತ್ತಾರೆ, ಹಳಿ ಮಾತ್ರ ಅದೇ ಒಂಬತ್ತು. ಲೆಕ್ಕದ ಪ್ರಕಾರ ಅದು ಏಳರ ಆಸುಪಾಸು ಇರಬೇಕಿತ್ತು. ಅಂದರೆ ಈ ಕಪಾಟುಗಳಲ್ಲಿನ ಸಾವಿರಾರು ರೈಲುಗಳು ಅಣ್ಣನ ಚಪ್ಪಲಿ ಮೆಟ್ಟಿಕೊಂಡ ತಮ್ಮಂದಿರ ಹಾಗೆ ಕಾಲು ತುಸು ಅಗಲಿಸಿಕೊಂಡೇ ನಿಂತಿವೆ. ಬಾಗಿಲಿನ ರಬ್ಬರ್ ಪಟ್ಟಿಯ ಬಣ್ಣ ತಪ್ಪಿದರೆ ಸಿಟ್ಟಾಗುವ ಜನ ಇಷ್ಟು ದೊಡ್ಡ ಸುಳ್ಳನ್ನು ಹೊಟ್ಟೆಗೆ ಹಾಕಿಕೊಂಡಿದ್ದಾರೆ. ಒಮ್ಮೆ ಗೊತ್ತಾದ ಮೇಲೆ ನನ್ನ ಕಣ್ಣು ಪ್ರತಿ ರೈಲಿನಲ್ಲೂ ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ.

ಗಿಂಜಾದ ತೆನ್‌ಶೋದೊ ಬೇರೆಯದೇ ಲೋಕ. 1879ರಲ್ಲಿ ಮುದ್ರೆ ಕೆತ್ತುವ ಅಂಗಡಿಯಾಗಿ ಶುರುವಾಗಿ, ಕೈಗಡಿಯಾರ, ಒಡವೆ ಎಂದು ಬೆಳೆದ ಮನೆತನ. ಅದೇ ಸೂರಿನಡಿ ರೈಲುಗಳೂ ಇವೆ. ಯುದ್ಧ ಮುಗಿದ ಮೇಲೆ ಅಮೆರಿಕದವರಿಗಾಗಿ ಹಿತ್ತಾಳೆಯಲ್ಲಿ ಇಂಜಿನ್ ಮಾಡಿಕೊಟ್ಟು ಹೆಸರಾದವರು. ಬೆಲೆ ಲಕ್ಷಗಟ್ಟಲೆ ಯೆನ್. ಹಿತ್ತಾಳೆಯ ಗಾಲಿ, ಕೂದಲೆಳೆಯ ಕೊಳವೆ ಎಲ್ಲ ನೋಡಿ "ಅಬ್ಬಾ" ಅಂದೆ. ಹತ್ತು ನಿಮಿಷಕ್ಕೆ ಹೊರಗೆ ಬಂದೆ. ಮುಟ್ಟಲಾಗದ ಅಂಗಡಿಯಲ್ಲಿ ನನಗೆ ಹೆಚ್ಚು ಹೊತ್ತು ಕೆಲಸವಿರುವುದಿಲ್ಲ.

ಅಕಿಹಬರಾದ್ದು ಹಳೇ ಮಾಲಿನ ಅಂಗಡಿ. ಇಲ್ಲಿ ಎಲ್ಲವನ್ನೂ ಮುಟ್ಟಬಹುದು. ಮುಟ್ಟುವ ಮುಂಚೆ ಓದಲೂಬೇಕು. ಒಂದೊಂದು ರೈಲಿಗೂ ಪುಟ್ಟ ಚೀಟಿ ಅಂಟಿಸಿ ಅದರ ಊನಗಳನ್ನೆಲ್ಲ ಬರೆದಿರುತ್ತಾರೆ. ಮೊಮ್ಮಗಳು ಓದಿ ಹೇಳುತ್ತ ಹೋದಳು. "ಇದಕ್ಕೆ ಲೈಟ್ ಉರಿಯಲ್ವಂತೆ." "ಇದರ ಡಬ್ಬ ಬಿಸಿಲಿಗೆ ಬಣ್ಣ ಹೋಗಿದೆಯಂತೆ." "ಇದಕ್ಕೆ ಮೂರನೇ ಬೋಗಿ ಬೇರೆಯದು ಸೇರಿಸಿದಾರಂತೆ." ಗಂಡಿನ ಕಡೆಯವರು ಜಾತಕದ ಜೊತೆ ಇಂಥದ್ದೊಂದು ಚೀಟಿ ಕೊಟ್ಟಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ನೆಲದ ಮೇಲೆ ಉದ್ದಕ್ಕೂ ಪ್ಲಾಸ್ಟಿಕ್ ಬುಟ್ಟಿಗಳು. ಒಂಟಿ ಬೋಗಿಗಳ ರಾಶಿ. ಗಾಲಿ ಕಳೆದುಕೊಂಡವು, ಕಪ್ಲಿಂಗ್ ಮುರಿದವು, ಹತ್ತು ಬೋಗಿಯ ಸೆಟ್ಟಿನಿಂದ ಯಾಕೋ ಒಂದೇ ಉಳಿದವು. ಕೋಟು ತೊಟ್ಟ ಗಂಡಸರು ಬ್ರೀಫ್‌ಕೇಸ್ ಕಾಲಸಂದಿಯಲ್ಲಿಟ್ಟು ಕುಕ್ಕರಗಾಲಲ್ಲಿ ಕೂತು ಆಯುತ್ತಿದ್ದರು. ಒಬ್ಬರಿಗೊಬ್ಬರು ಮಾತಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಎಳೇ ಬದನೆಕಾಯಿ ಆರಿಸುವವರ ಬೆರಳಿಗಿರುವ ಅದೇ ಚುರುಕು: ಎತ್ತು, ತಿರುಗಿಸು, ಅಡಿ ನೋಡು, ಇಡು. ಮೊಮ್ಮಗಳೂ ಅವರ ನಡುವೆ ಕೂತಳು. ಕಾಲು ಗಂಟೆಯ ಮೇಲೆ ಕಿರುಚಿದಳು. ಆಕಾಶನೀಲಿ ಪಟ್ಟಿಯ ಬೋಗಿ! ತೊಜಾಯ್ ಲೈನಿನ ನಡುವಿನ ಡಬ್ಬಿ, ಮೋಟಾರಿಲ್ಲ, ಒಂದು ಕಡೆ ಕಪ್ಲಿಂಗೂ ಇಲ್ಲ. ನಾನು "ಓಡಲ್ವಲ್ಲೇ" ಅಂದೆ. "ನಾನು ಇದರಲ್ಲಿ ಕೂತಿದೀನಿ ತಾತ," ಅಂದಳು. ವಾದ ಅಲ್ಲಿಗೆ ಮುಗಿಯಿತು.

ಹಿಂದಿನ ಕೋಣೆಯಲ್ಲಿ ಬಾಡಿಗೆಯ ಹಳಿಗಳಿವೆ. ಮನೆಯಲ್ಲಿ ಹತ್ತು ಬೋಗಿ ಓಡಿಸಲು ಜಾಗವಿಲ್ಲದವರು ಗಂಟೆಗಿಷ್ಟು ಅಂತ ಕೊಟ್ಟು ಇಲ್ಲಿಗೆ ತಮ್ಮ ರೈಲು ತಂದು ಓಡಿಸುತ್ತಾರೆ. ನಾವು ಹೋದಾಗ ನನ್ನ ವಯಸ್ಸಿನ ಒಬ್ಬರು ಪುಸ್ತಕದ ಹಾಗೆ ತೆರೆಯುವ ಪೆಟ್ಟಿಗೆಯಿಂದ ಬೋಗಿಗಳನ್ನು ಒಂದೊಂದಾಗಿ ಎತ್ತಿ ಹಳಿಗೆ ಕೂರಿಸುತ್ತಿದ್ದರು. ಕೈಗೆ ಬಿಳೀ ಗವಸು. ಕೊನೆಯ ಬೋಗಿ ಕೂತ ಮೇಲೆ ಎದ್ದು ನಿಂತರು, ಅಂಗಿ ಸರಿಮಾಡಿಕೊಂಡರು. ಅಂಗೈಯಗಲದ ಸ್ಟೇಷನ್ನಿನ ಆಚೆಯ ಸಿಗ್ನಲ್ಲಿಗೆ ತೋರುಬೆರಳು ಚಾಚಿ, ತಗ್ಗಿದ ದನಿಯಲ್ಲಿ "ಶುಪ್ಪತ್ಸು ಶಿಂಕೊ" ಅಂದರು. ಜಪಾನಿನ ಚಾಲಕರು ಸಿಗ್ನಲ್ ನೋಡಿ, ಬೆರಳು ತೋರಿಸಿ, ಬಾಯಿಬಿಟ್ಟು ಹೇಳಿಯೇ ರೈಲು ಬಿಡುವುದು. ಹೊರಡುವ ಸಿಗ್ನಲ್ ಬಿದ್ದಿದೆ ಅಂತ ಅದರರ್ಥ. ಗುಂಡಿ ತಿರುಗಿತು. ರೈಲು ಹೊರಟದ್ದು ಗೊತ್ತೇ ಆಗದಷ್ಟು ನಿಧಾನ. ಆ ನಿಧಾನದಲ್ಲೇ ನನಗೆ ತಿಳಿಯಿತು, ಇವರು ಜೀವಮಾನವಿಡೀ ಇದೇ ಕೆಲಸ ಮಾಡಿದವರಿರಬೇಕು. ಕೇಳಲಿಲ್ಲ. ಅವರ ಮುಖ ಡ್ಯೂಟಿ ಮೇಲಿದ್ದವರ ಮುಖವಾಗಿತ್ತು.

ಅಷ್ಟರಲ್ಲಿ ಏಪ್ರನ್ನಿನವರು ಬಂದು ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದರು. ನಮ್ಮ ಲೈನಿನ ಹಳಿ ಎಷ್ಟು ಅಗಲ ಎಂದು ಕೇಳುತ್ತಿದ್ದಾರಂತೆ. ಈಗ ಬ್ರಾಡ್‌ಗೇಜ್. ನಾನು ಹೊಳೆನರಸೀಪುರ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅಪ್ಪನ ಪಕ್ಕ ಕಾಲಾಡಿಸುತ್ತ ಕೂತಿದ್ದಾಗ ಮೀಟರ್‌ಗೇಜ್, ಉಗಿ ಇಂಜಿನ್. ಕಿಟಕಿಗೆ ಮುಖ ಕೊಟ್ಟವರೆಲ್ಲ ಮೈಸೂರಿನಲ್ಲಿ ಇಳಿಯುವಾಗ ಕಣ್ಣಿನಲ್ಲಿ ಕಲ್ಲಿದ್ದಲ ಪುಡಿ. "ಸಾವಿರ ಮಿಲಿಮೀಟರ್" ಅಂದೆ. ಆತನ ಮುಖ ಅರಳಿತು. ಕಪಾಟಿನ ಕೆಳಗಿನ ಸಾಲಿನಿಂದ ಒಂದು ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟರು.

ಸಿ56. ಅಂಗೈಯಲ್ಲಿ ಕೂರುವ ಕಪ್ಪು ಉಗಿ ಇಂಜಿನ್. ಕವಲು ಲೈನುಗಳಿಗೆಂದು 1935ರಿಂದ ಕಟ್ಟಿದ್ದು. ಕೊನೆಯ ಸ್ಟೇಷನ್ನಿನಲ್ಲಿ ಇಂಜಿನ್ ತಿರುಗಿಸುವ ವ್ಯವಸ್ಥೆ ಇಲ್ಲದಿದ್ದರೆ ಹಿಂದುಹಿಂದಕ್ಕೇ ಬರಬೇಕು. ಚಾಲಕನಿಗೆ ಹಿಂದಿನ ದಾರಿ ಕಾಣಲೆಂದು, ಕಲ್ಲಿದ್ದಲು-ನೀರು ಹೊರುವ ಟೆಂಡರಿನ ಎರಡೂ ಭುಜಗಳನ್ನು ಕತ್ತರಿಸಿದ್ದಾರೆ. ಬೆಟ್ಟದ ಲೈನಿನ ಜನ ಇದನ್ನು 'ಪೋನಿ' ಅಂತ ಕರೆಯುತ್ತಿದ್ದರು. ಕಟ್ಟಿದ್ದು 160. ಅದರಲ್ಲಿ ಮೊದಲ 90ನ್ನು ಯುದ್ಧಕಾಲದಲ್ಲಿ ಚಕ್ರಗಳ ನಡುವೆ 67 ಮಿಲಿಮೀಟರ್ ಕಿರಿದು ಮಾಡಿ, ಮೀಟರ್‌ಗೇಜಿಗೆ ಹೊಂದಿಸಿ, ಥಾಯ್ಲೆಂಡ್–ಬರ್ಮಾ ಕಡೆಗೆ ಹಡಗಿನಲ್ಲಿ ಕಳಿಸಿದರು.

ಆತ ಹೇಳಿದ್ದು ಅಷ್ಟು. ಮಿಕ್ಕದ್ದು ನನಗೆ ಗೊತ್ತಿತ್ತು. ಕಾಡು ಕಡಿದು 415 ಕಿಲೋಮೀಟರ್ ಹಾಕಿದ ಆ ಲೈನಿನಲ್ಲಿ 12 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಮಲಯದ ರಬ್ಬರ್ ತೋಟಗಳಿಂದ ತಂದ ತಮಿಳು ಕೂಲಿಗಳು, ಬರ್ಮಾದವರು ಸತ್ತದ್ದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮರಳಿ ಬಂದ ಇಂಜಿನ್‌ಗಳಲ್ಲೊಂದು, ಸಿ56ರ 31ನೇ ನಂಬರಿನದು, ಇದೇ ಟೋಕಿಯೋದ ಯಸುಕುನಿ ದೇಗುಲದ ಮ್ಯೂಸಿಯಂನಲ್ಲಿ ನಿಂತಿದೆ. ಮುಟ್ಟಿದರೆ ಬೆರಳಿಗೆ ಅಂಟುವಂಥ ಚರಿತ್ರೆ. ನಾನು ಪೆಟ್ಟಿಗೆ ಮುಚ್ಚಿದೆ. ಮತ್ತೆ ತೆರೆದೆ.

ಚೀಟಿಯಲ್ಲಿ ಬರೆದಿತ್ತು: ಹೆಡ್‌ಲೈಟ್ ಮಂದ, ಟೆಂಡರ್ ಮೇಲೆ ಒಂದು ಗೀರು. ಚೀಟಿಯಲ್ಲಿ ಬರೆಯದ ಇನ್ನೊಂದು ಕಂಡಿತು. ನಂಬರ್ ಪ್ಲೇಟನ್ನು ಕೊಂಡವರೇ ಆರಿಸಿ ಅಂಟಿಸಿಕೊಳ್ಳಬೇಕು; ಹಿಂದಿನ ಯಜಮಾನ ಅದನ್ನು ಎಳ್ಳಷ್ಟು ವಾರೆಯಾಗಿ ಅಂಟಿಸಿದ್ದ. ಕೈ ನಡುಗಿರಬೇಕು. ಗಲ್ಲಾದ ಮೇಲಿನ ಮೊಳದುದ್ದದ ಹಳಿಯಲ್ಲಿ ಓಡಿಸಿ ತೋರಿಸಿದರು. ತುಸು ಮುಗ್ಗರಿಸಿ, ಆಮೇಲೆ ಸಲೀಸಾಗಿ ಹೋಯಿತು. ಕೊಂಡೆ. ಜೊತೆಗೆ ಒಂದು ಸುತ್ತಿನ ಹಳಿ, ಕರೆಂಟಿನ ಡಬ್ಬಿ, ಮೊಮ್ಮಗಳ ಓಡದ ಬೋಗಿ.

ಮೈಸೂರಿಗೆ ಬಂದ ಮರುದಿನ ಊಟದ ಮೇಜಿನ ಮೇಲೆ ಹಳಿ ಜೋಡಿಸಿದೆ. ಅಳಿಯ ಹೊರಡುವಾಗ ಎರಡು ಸಲ ಹೇಳಿದ್ದ, ಜಪಾನಿನ ಕರೆಂಟು 100 ವೋಲ್ಟು ಮಾವ, ನಮ್ಮದು 230, ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಬೇಡಿ ಅಂತ. ಪಿನ್ ಹೊಂದಿಸಿದರೆ ಕರೆಂಟೂ ಹೊಂದಿಕೊಂಡೀತು ಅನ್ನುವ ಹುಂಬತನ ನನ್ನದು. ಟಪ್ ಅಂದಿತು. ನೀಲಿ ಹೊಗೆ, ಸುಟ್ಟ ರಬ್ಬರಿನ ವಾಸನೆ. ಉಗಿ ಇಂಜಿನ್ನಿನ ಮೊದಲ ಹೊಗೆ ನಮ್ಮ ಮನೆಯಲ್ಲಿ ಬಂದದ್ದು ಹೀಗೆ, ಇಂಜಿನ್ನಿನಿಂದಲ್ಲ.

ಎನ್ ಗೇಜಿನ ಇಂಜಿನ್ನಿಗೆ ಬೇಕಾದದ್ದು 12 ವೋಲ್ಟಿನೊಳಗಿನ ಡಿಸಿ. ಮಲ್ಟಿಮೀಟರಿನ ಬೆನ್ನು ಬಿಚ್ಚಿ 9 ವೋಲ್ಟಿನ ಚೌಕ ಬ್ಯಾಟರಿ ತೆಗೆದೆ, ಹಳಿಯ ಎರಡು ವೈರುಗಳನ್ನು ಅದರ ತಲೆಗೆ ಒತ್ತಿ ಹಿಡಿದೆ. ಪೋನಿ ಜಿಗಿದು ಓಡಿತು. ನಿಧಾನ ಮಾಡುವ ಗುಂಡಿ ಸುಟ್ಟುಹೋಗಿತ್ತಲ್ಲ, ಇದ್ದದ್ದು ಒಂದೇ ವೇಗ. ವೈರು ಅದಲುಬದಲು ಮಾಡಿದೆ. ಕತ್ತರಿಸಿದ ಭುಜದ ಟೆಂಡರು ಮುಂದೆ ಮಾಡಿಕೊಂಡು ಹಿಂದುಹಿಂದಕ್ಕೆ ಸುತ್ತತೊಡಗಿತು, ಉಪ್ಪಿನಕಾಯಿ ಜಾಡಿಯ ಪಕ್ಕದಿಂದ, ನೀರಿನ ಚೊಂಬಿನ ಪಕ್ಕದಿಂದ.

ಅಡುಗೆಮನೆಯ ಕೆಲಸ ಮುಗಿಸಿ ಬಂದ ನಮ್ಮ ಮನೆಯವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎರಡು ಸುತ್ತು ನೋಡಿದಳು. ಆಮೇಲೆ ದಿವಾನದ ಮೇಲೆ ಅಡ್ಡಾಗಿ, ಗೋಡೆಯ ಕಡೆ ಮಗ್ಗುಲಾದಳು.

"ರೀ, ಹೊಳೆನರಸೀಪುರ ಬಂದಾಗ ಎಬ್ಬಿಸಿ," ಅಂದಳು.